ಕೂಗಳತೆಯಲ್ಲಿದ್ದ ಶೆಡ್ಡು

ಸತ್ಯಮಂಗಲ ಇಂಡಸ್ಟ್ರಿಯಲ್ ಏರಿಯಾ,
ತುಮಕೂರು
೧೨ ನವೆಂಬರ್ ೨೦೨೫, ಬುಧವಾರ

ಶ್ರೀಮತಿ ಮಾನಸಾ ಅವರಿಗೆ,

ಹೀಗೆ ಶುರು ಮಾಡಿದ್ದು ನೋಡಿ ನಿನಗೆ ನಗು ಬರುತ್ತದೆ ಅಂತ ಗೊತ್ತು. ಬರಲಿ. ‘ಪ್ರೀತಿಯ ಮಾನೀ’ ಅಂತ ಬರೆಯಲು ಕೈ ಏಳಲಿಲ್ಲ, ‘ಲೇ ಕಳ್ಳಿ’ ಅಂತ ಬರೆಯಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಬ್ಯಾಂಕಿನವರು ಬರೆಯುವ ಹಾಗೆ ಬರೆದಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಿನ್ನ ನಂಬರನ್ನು ಶ್ರಾವಣದಲ್ಲೇ ಬ್ಲಾಕ್ ಮಾಡಿದ್ದೇನೆ, ತೆಗೆಯುವುದಿಲ್ಲ. ಮಾತಿನಲ್ಲಿ ನಿನ್ನನ್ನು ನಾನು ಯಾವತ್ತು ಗೆದ್ದಿದ್ದೇನೆ ಹೇಳು? ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಓದುವಾಗಿನಿಂದ ನೋಡುತ್ತಿದ್ದೇನೆ. ‘ಶಾಂತೂ, ಕೇಳಿಲ್ಲಿ’ ಅಂತ ನೀನು ಒಂದು ಸಲ ಅಂದರೆ ಸಾಕು, ನನ್ನ ಡ್ರಾಯಿಂಗ್ ಶೀಟು ನಿನ್ನ ಕೈಯಲ್ಲಿರುತ್ತಿತ್ತು, ನಾನು ಖಾಲಿ ಶೀಟು ಹಿಡಿದುಕೊಂಡು ಕೂತಿರುತ್ತಿದ್ದೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ. ಹೇಳುವುದನ್ನೆಲ್ಲ ಹೇಳಿ ಮುಗಿಸಬಹುದು.

ಶನಿವಾರ ನಿಮ್ಮಮ್ಮ ನನ್ನ ಶೆಡ್ಡಿಗೆ ಬಂದಿದ್ದರು. ಚೇಳೂರಿನಿಂದ ಗುಬ್ಬಿಗೆ ಒಂದು ಬಸ್ಸು, ಗುಬ್ಬಿಯಿಂದ ತುಮಕೂರಿಗೆ ಇನ್ನೊಂದು, ಅಲ್ಲಿಂದ ಆಟೋ. ಮಂಡಿ ನೋವಿನ ಹೆಂಗಸನ್ನು ಅಷ್ಟು ದೂರ ಅಟ್ಟಲು ನಿನಗೆ ಹೇಗೆ ಮನಸ್ಸು ಬಂತೋ. ಕೈಯಲ್ಲೊಂದು ಚೀಲ, ಚೀಲದಲ್ಲಿ ನಿಮ್ಮ ತೋಟದ ಕೊಬ್ಬರಿ. ಆಸಿಡ್ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದುಕೊಂಡು, ಬಾಗಿಲ ಹತ್ತಿರ ಮಗುಚಿ ಹಾಕಿದ ಡ್ರಮ್ಮಿನ ಮೇಲೆ ಕೂತರು. ಒಳಗೆ ಬನ್ನಿ ಅಮ್ಮಾ ಅಂದರೆ ಬರಲಿಲ್ಲ.

‘ಅವ್ಳು ಸರ್ಯಾಗ್ ಉಣ್ತಿಲ್ಲ ಕಣವ್ವಾ. ಕಂಪ್ನಿಯೋರು ಕೆಲ್ಸ ಕಿತ್ಕೊಂಡ್ಬುಡ್ತಾರಂತೆ. ನೀನೊಬ್ಳು ಕುಣಿಗಲ್‌ಗೆ ಬಂದ್ರೆ ಎಲ್ಲಾ ಸರಿ ಹೋಯ್ತದೆ ಅಂತವ್ಳೆ. ಜಾಗ ಐತಂತೆ, ನಮ್ದೇ ಜಾಗವಂತೆ. ಹೋಗವ್ವಾ’ ಅಂದರು.

ನಮ್ದೇ. ನಿಮ್ಮಮ್ಮನ ಬಾಯಲ್ಲಿ ಆ ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ತಾಯಿಗೇನು ಗೊತ್ತು ಪಾಪ. ‘ನಿಮ್ಮಿಬ್ರಿಗೂ ಏನಾಯ್ತವ್ವಾ, ಒಂದೇ ತಟ್ಟೇಲಿ ಉಂಡೋರು’ ಅಂತ ಕೇಳಿದರು. ಏನೂ ಆಗಿಲ್ಲ ಬಿಡಿ ಅಮ್ಮಾ, ಕೆಲಸ ಜಾಸ್ತಿ ಅಂದೆ. ಅಂದರೆ ನೀನು ಅವರಿಗೆ ಏನೂ ಹೇಳಿಲ್ಲ. ಮಾಡಿದ್ದು ನೀನು, ಮುಚ್ಚಿಟ್ಟುಕೊಂಡು ಸುಳ್ಳು ಹೇಳಬೇಕಾದವಳು ನಾನು. ಬಸ್‌ಸ್ಟ್ಯಾಂಡಿನ ತನಕ ನನ್ನ ಸ್ಕೂಟರಿನಲ್ಲೇ ಬಿಟ್ಟು ಬಂದೆ. ದಾರಿಯುದ್ದಕ್ಕೂ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು.

ನಾನು ಬರುವುದಿಲ್ಲ ಮಾನಸಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ನೀನು ಆಸೆ ಇಟ್ಟುಕೊಂಡು ಓದುವುದು ಬೇಡ.

ಸ್ಕೂಟರ್ ಕಂಪನಿಯ ವಾದಿರಾಜ್ ಸಾರ್ ನಿನ್ನ ಮೇಲೆ ಯಾಕೆ ಗರಂ ಆಗಿದ್ದಾರೆ ಅಂತ ನನಗೆ ಗೊತ್ತು. ಊರಿಗೆಲ್ಲ ಗೊತ್ತು. ಇಲ್ಲಿದ್ದಾಗ ಬೆಳಿಗ್ಗೆ ಒತ್ತಿದ ಸ್ಕೂಟರ್ ಬ್ರಾಕೆಟ್ ಸಂಜೆಯೊಳಗೆ ಹೊಳೆಯುತ್ತ ಗಾಡಿ ಹತ್ತುತ್ತಿತ್ತು. ಈಗ ಅದೇ ಬ್ರಾಕೆಟ್ಟು, ತಗಡು ಒತ್ತುವ ಅದೇ ಡೈ, ಅದಕ್ಕಿಂತ ದೊಡ್ಡ ಪ್ರೆಸ್ಸು, ಬಾಗಿಲಿಗೇ ನಾಲ್ಕು ಪಥದ ಹೈವೇ. ಆದರೂ ವಾರಗಟ್ಟಲೆ ತಡ, ಬಂದದ್ದರಲ್ಲೂ ಮೇಲಿನ ಲೇಪ ಎದ್ದು ಬರುತ್ತಿದೆ. ‘ಅಲ್ಲಿ ಆಗ್ತಿದ್ದಿದ್ದು ಇಲ್ಲಿ ಯಾಕೆ ಆಗ್ತಿಲ್ಲ’ ಅಂತ ಅವರು ಕೇಳಿದ್ದಕ್ಕೆ ನೀನು ಕುಣಿಗಲ್ಲಿನ ಹುಡುಗರಿಗೆ ಕೆಲಸ ಬರಲ್ಲ ಅಂದೆಯಂತೆ. ಥೂ, ಹುಡುಗರ ಮೇಲೆ ಯಾಕೆ ಹಾಕುತ್ತೀಯ? ಕಾರಣ ನಿನಗೆ ಗೊತ್ತಿಲ್ಲವಾ?

ಕಾರಣ ನಮ್ಮ ಗೋಡೆಯ ಕಿಂಡಿ.

ನಮ್ಮ ಓನರ್ ಗುಂಡಯ್ಯನವರ ಎರಡು ಶೆಡ್ಡಿಗೂ ಒಂದೇ ಗೋಡೆ. ಆ ಕಡೆ ನಿನ್ನ ಪ್ರೆಸ್ಸು, ಈ ಕಡೆ ಲೇಪ ಹಾಕುವ ನನ್ನ ಪ್ಲೇಟಿಂಗ್ ತೊಟ್ಟಿಗಳು. ಮೊದಮೊದಲು ನಿನ್ನ ಕ್ರೇಟುಗಳನ್ನು ಬೀದಿ ಸುತ್ತಿ ತರುತ್ತಿದ್ದರು. ಒಂದು ದಿನ ನೀನು ತಲೆ ಕೆಟ್ಟು, ಸುತ್ತಿಗೆ ತೆಗೆದುಕೊಂಡು ನಾಲ್ಕು ಇಟ್ಟಿಗೆ ಕಿತ್ತೇಬಿಟ್ಟೆ. ಗುಂಡಯ್ಯ ಬಂದು ‘ಯಾರ್ ಕೇಳಿ ಒಡುದ್ರಿ, ಇದೇನ್ ನಿಮ್ಮಪ್ಪನ ಮನೇನಾ’ ಅಂತ ಹಾರಾಡಿದರು. ನೀನು ಅವರಿಗೆ ಕಾಫಿ ಕುಡಿಸಿ, ‘ಗಾಳಿಗೆ ಸಾರ್, ಆಸಿಡ್ ಹೊಗೆ ಹೋಗ್ಲಿ ಅಂತ’ ಅಂದೆ. ಆಮೇಲೆ ಅವರೇ ಮೇಸ್ತ್ರಿ ಕರೆಸಿ ಅಂಚಿಗೆ ಸಿಮೆಂಟ್ ಬಳಿಸಿಕೊಟ್ಟರು. ನಿನ್ನ ಮಾತಿನ ಮೋಡಿ ಅಂಥದ್ದು.

ಆ ಕಿಂಡಿ ಇಲ್ಲದೆ ನಮ್ಮ ದಿನವೇ ಶುರುವಾಗುತ್ತಿರಲಿಲ್ಲ, ಅಲ್ಲವಾ? ನಮ್ಮ ಸಾಲಿನ ಟ್ರಾನ್ಸ್‌ಫಾರ್ಮರ್ ಬಡಪಾಯಿ. ನಿನ್ನ ಪ್ರೆಸ್ಸಿನ ಮೋಟರು, ನನ್ನ ತೊಟ್ಟಿಗಳಿಗೆ ಕರೆಂಟ್ ಕೊಡುವ ರೆಕ್ಟಿಫೈಯರು ಎರಡೂ ಒಟ್ಟಿಗೆ ಎದ್ದರೆ ಢಂ ಅಂತ ಫ್ಯೂಸು ಹೋಗಿ, ಸಾಲಿಗೆ ಸಾಲೇ ಕತ್ತಲಾಗಿ, ಅಕ್ಕಪಕ್ಕದವರೆಲ್ಲ ನಮ್ಮ ಜನ್ಮ ಜಾಲಾಡುತ್ತಿದ್ದರು. ಅದಕ್ಕೇ ಸ್ವಿಚ್ಚಿಗೆ ಕೈ ಹಾಕುವ ಮೊದಲು ಕಿಂಡಿಗೆ ಬಾಯಿಟ್ಟು ಕೂಗುವುದು. ‘ಮಾನೀ, ಹಾಕ್ಲಾ?’ ಅಂತ ನಾನು. ‘ತಡಿಯೇ, ಈಗ್ ನಂದು’ ಅಂತ ನೀನು. ಸ್ವಲ್ಪ ಹೊತ್ತಿಗೆ, ‘ಹಾಕೇ!’ ನೀನು ಹಾಕೇ ಅನ್ನದೆ ನಾನು ಹಾಕಿದ್ದು ಒಂದು ದಿನವೂ ಇಲ್ಲ.

ಇನ್ನು ಮುಳ್ಳು. ಡೈ ಮೊಂಡಾದರೆ ಬ್ರಾಕೆಟ್ಟಿನ ಅಂಚಿನಲ್ಲಿ ಸಣ್ಣ ಮುಳ್ಳು ಏಳುತ್ತದೆ. ಪ್ರೆಸ್ಸಿನ ಮುಂದೆ ಕೂತವರಿಗೆ ಅದು ಕಾಣುವುದಿಲ್ಲ. ನಮ್ಮ ಓಬಳಮ್ಮ ಪೀಸುಗಳನ್ನು ತೊಳೆಯುವಾಗ ಅವಳ ಗ್ಲೌಸು ಹರಿಯುತ್ತಿತ್ತು. ‘ಅಕ್ಕಾ, ಮುಳ್ಳು’ ಅನ್ನುತ್ತಿದ್ದಳು, ನಾನು ಕಿಂಡಿಯಲ್ಲಿ ಕೂಗುತ್ತಿದ್ದೆ, ನೀನು ಪ್ರೆಸ್ ನಿಲ್ಲಿಸಿ ಹಿಂದಿನ ಬೀದಿಯ ಗ್ರೈಂಡಿಂಗ್ ಅಂಗಡಿಗೆ ಡೈ ಕಳಿಸುತ್ತಿದ್ದೆ. ಟೀ ಕುಡಿಯುವಷ್ಟರಲ್ಲಿ ಡೈ ವಾಪಸ್ಸು. ಹಾಳಾಗುತ್ತಿದ್ದದ್ದು ಹೆಚ್ಚೆಂದರೆ ಒಂದು ಕ್ರೇಟು. ಈಗ ನೀನು ಗಾಡಿ ತುಂಬುವ ತನಕ ಪೀಸುಗಳನ್ನು ಗುಡ್ಡೆ ಹಾಕಿ ಪೀಣ್ಯಕ್ಕೆ ಪ್ಲೇಟಿಂಗಿಗೆ ಕಳಿಸುತ್ತೀಯಂತೆ. ಮುಳ್ಳು ಇದ್ದದ್ದು ತಿಳಿಯುವ ಹೊತ್ತಿಗೆ ಲೋಡಿಗೆ ಲೋಡೇ ಮುಳ್ಳು. ಕಾಯುತ್ತ ಕೂತ ಕಬ್ಬಿಣಕ್ಕೆ ಹಚ್ಚಿದ ಎಣ್ಣೆಯ ಅಡಿಯಲ್ಲೇ ತುಕ್ಕು ಹಿಡಿದಿರುತ್ತದೆ. ತುಕ್ಕಿನ ಮೇಲೆ ಯಾವ ಮಹಾರಾಯ ಪ್ಲೇಟಿಂಗ್ ಮಾಡಿದರೂ ನಿಲ್ಲುವುದಿಲ್ಲ. ಇದರಲ್ಲಿ ನಿನ್ನ ಹುಡುಗರ ತಪ್ಪೇನಿದೆ?

ನಿಮ್ಮೂರ ಕಡೆ ದಾರಿ ಕೇಳಿದರೆ ‘ಇಲ್ಲೇ ಕಣಣ್ಣ, ಒಂದ್ ಕೂಗಳತೆ’ ಅನ್ನುತ್ತಾರಲ್ಲ. ನಾನು ಎಷ್ಟು ಸಲ ಆಡಿಕೊಂಡಿದ್ದೇನೆ, ಇವರಿಗೆ ಕಿಲೋಮೀಟರ್ ಬರಲ್ಲ ಅಂತ. ಈಗ ಅನ್ನಿಸುತ್ತಿದೆ, ನಮ್ಮ ಕೆಲಸಕ್ಕೆ ಅದೇ ಸರಿಯಾದ ಅಳತೆ. ವಾದಿರಾಜ್ ಸಾರ್ ಲ್ಯಾಪ್‌ಟಾಪಿನಲ್ಲಿ ಮ್ಯಾಪ್ ತೆಗೆದು ‘ತುಮಕೂರಿಗಿಂತ ಕುಣಿಗಲ್ಲೇ ಫ್ಯಾಕ್ಟರಿಗೆ ಹತ್ತಿರ, ರೋಡೂ ಚೆನ್ನಾಗಿದೆ’ ಅಂದಿದ್ದರಲ್ಲವಾ ನಿನಗೆ? ಸುಳ್ಳೇನೂ ಅಲ್ಲ. ಆದರೆ ಅವರ ಮ್ಯಾಪಿನಲ್ಲಿ ಕಿಂಡಿ ಇರಲಿಲ್ಲ. ಇದೆ ಅಂತ ಅವರಿಗೆ ಹೇಳಬೇಕಾದವಳು ನೀನೊಬ್ಬಳೇ.

ಹೇಳಲಿಲ್ಲ. ಅಲ್ಲಿಂದಲೇ ಶುರು ನನ್ನ ಹೊಟ್ಟೆಯುರಿ.

ಹೋದ ವರ್ಷ ಮಳೆಗಾಲದಲ್ಲಿ ಅವರು ನಿನ್ನ ಶೆಡ್ಡಿಗೆ ಬಂದ ದಿನ ನೆನಪಿದೆಯಾ? ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಹೇಗೆ ಕೊಡುತ್ತಾರೆ ಅಂತ ನೋಡಲು ಬಂದಿದ್ದರು. ಕ್ರೇಟಿನಿಂದ ಒಂದು ಬ್ರಾಕೆಟ್ ಎತ್ತಿ ಬೆಳಕಿಗೆ ಹಿಡಿದು, ‘ಪ್ಲೇಟಿಂಗ್ ಯಾರ್ದಮ್ಮ? ಹೊರಗಡೆ ಮಾಡ್ಸ್ತೀರಾ?’ ಅಂದರು. ನಾನು ಈ ಕಡೆ ಗ್ಲೌಸ್ ಹಾಕಿದ ಕೈಯನ್ನು ಕಿಂಡಿಯಲ್ಲಿ ತೂರಿಸಿ, ಮುಂದಿನ ಕ್ರೇಟಿಗೆ ಕಾಯುತ್ತಿದ್ದೆ.

‘ಇಲ್ಲ ಸಾರ್, ನಮ್ದೇ’ ಅಂದೆ ನೀನು.

ಅವತ್ತು ನನಗೆ ಆದ ಸಂತೋಷ ಹೇಳಿದರೆ ನಗುತ್ತೀಯ. ನೋಡೇ ಓಬಳಮ್ಮ, ಎಷ್ಟು ದೊಡ್ಡ ಮನಸ್ಸು ಇವಳದು, ಅಂಥವರ ಮುಂದೆ ನಮ್ಮನ್ನೂ ಸೇರಿಸಿಕೊಂಡು ನಮ್ದೇ ಅಂದಳು ಅಂತ ಕಣ್ಣಲ್ಲಿ ನೀರು ತಂದುಕೊಂಡೆ. ಓಬಳಮ್ಮ ಗ್ಲೌಸು ಒಣಗಹಾಕಲು ಹೋದಳು. ಮನೆಗೆ ಹೋಗಿ ನಮ್ಮನೆಯವರಿಗೂ ಹೇಳಿದೆ. ಅವರು ‘ಹೂಂ’ ಅಂದು ಟೀವಿ ಸೌಂಡ್ ಜಾಸ್ತಿ ಮಾಡಿದರು.

ಎಂಥ ಪೆದ್ದಿ ನಾನು! ಕನ್ನಡದಲ್ಲಿ ಹುಟ್ಟಿ ಬೆಳೆದು ಅಷ್ಟೂ ಗೊತ್ತಾಗಲಿಲ್ಲವಲ್ಲ. ನಮ್ಮಲ್ಲಿ ಯಾರು ತಾನೇ ‘ನಂದು’ ಅನ್ನುತ್ತಾರೆ? ಒಬ್ಬಂಟಿಯಾಗಿರುವವನೂ ‘ನಮ್ಮನೆ’ ಅನ್ನುತ್ತಾನೆ. ಕೈಹಿಡಿದ ಗಂಡನನ್ನೂ ‘ನಮ್ಮನೆಯವರು’ ಅನ್ನುತ್ತೇವೆ, ಅವರಲ್ಲಿ ಯಾರಿಗಾದರೂ ಪಾಲಿದೆಯಾ? ನೀನು ನಮ್ದೇ ಅಂದಾಗ ಅದರಲ್ಲಿ ನಾನಿದ್ದೇನೆ ಅಂತ ನಾನೇ ಅಂದುಕೊಂಡೆ. ಅವರು ಅದು ನಿನ್ನದೇ ಅಂದುಕೊಂಡರು. ಅವರು ಅಂದುಕೊಂಡದ್ದು ಸರಿ ಅಂತ ನಿನಗೆ ಆಗಲೇ ಗೊತ್ತಿತ್ತು. ನನ್ನ ಕೈಯನ್ನು ಅವರು ನೋಡಿದ್ದರು, ಯಾರೋ ಕೆಲಸದವಳ ಕೈ ಅಂದುಕೊಂಡಿರಬೇಕು.

ಆಮೇಲೆ ಆಯುಧಪೂಜೆ ಬಂತು. ಪ್ರತಿ ವರ್ಷದ ಹಾಗೆ ಒಂದೇ ಚೆಂಡುಹೂವಿನ ಹಾರ, ನಿನ್ನ ಪ್ರೆಸ್ಸಿನಿಂದ ಹೊರಟು ಕಿಂಡಿ ಹಾದು ನನ್ನ ರೆಕ್ಟಿಫೈಯರಿನ ತನಕ. ಒಂದೇ ಬೂದುಗುಂಬಳಕಾಯಿ. ನೀನೇ ನನ್ನ ಹಣೆಗೆ ಕುಂಕುಮ ಇಟ್ಟು, ‘ಇನ್ನೊಂದು ತೊಟ್ಟಿ ಹಾಕ್ಸೇ ಶಾಂತೂ, ಕಂಪನಿ ಆರ್ಡರ್ ಡಬಲ್ ಮಾಡುತ್ತೆ, ನೀನಿಲ್ದೆ ನಾನೆಲ್ಲಿಗೆ ಹೋಗ್ಲಿ’ ಅಂದೆ. ನಾನು ಹಾಕಿಸಿದೆ. ಕುಣಿಗಲ್ಲಿನ ಶೆಡ್ಡಿಗೆ ನೀನು ದಸರಾಗೆ ಮೊದಲೇ ಅಡ್ವಾನ್ಸ್ ಕೊಟ್ಟಾಗಿತ್ತು ಅಂತ ಗುಂಡಯ್ಯ ಆಮೇಲೆ ಹೇಳಿದರು. ಅದೇ ಕೈಯಲ್ಲಿ ನನಗೆ ಕುಂಕುಮ ಇಟ್ಟೆಯಲ್ಲೇ.

ಹೊರಡಲು ನೀನು ಧನುರ್ಮಾಸ ಕಳೆಯಲಿ ಅಂತ ಕಾದೆ. ಮುಹೂರ್ತ ನೋಡಿದೆ, ನನ್ನ ಮುಖ ನೋಡಲಿಲ್ಲ. ಫೆಬ್ರವರಿಯಲ್ಲಿ ನನ್ನ ತಂಗಿ ಮಗುವಿನ ನಾಮಕರಣಕ್ಕೆ ಗುಬ್ಬಿಗೆ ಹೋಗಲೋ ಬೇಡವೋ ಅಂತ ನಾನು ಮೀನಮೇಷ ಎಣಿಸುತ್ತಿದ್ದಾಗ, ‘ಹೋಗ್ಬಾರೇ, ಎರಡು ದಿನ ಇದ್ದು ಬಾ, ನಾನಿದೀನಲ್ಲ’ ಅಂದವಳು ನೀನು. ಮಗುವಿಗೆ ಅಂತ ಬೆಳ್ಳಿ ಲೋಟ ಬೇರೆ ಕೊಟ್ಟು ಕಳಿಸಿದೆ. ಅದನ್ನು ನನ್ನ ತಂಗಿ ಇನ್ನೂ ಇಟ್ಟುಕೊಂಡಿದ್ದಾಳೆ, ಬಿಸಾಕು ಅಂತ ಹೇಗೆ ಹೇಳಲಿ?

ಸೋಮವಾರ ಬೆಳಿಗ್ಗೆ ನಾನು ಶೆಡ್ಡಿಗೆ ಬಂದೆ. ತೊಟ್ಟಿಗಳ ಮುಚ್ಚಳ ತೆಗೆಸಿದೆ. ಸ್ವಿಚ್ಚಿನ ಹತ್ತಿರ ನಿಂತು ‘ಮಾನೀ, ಹಾಕ್ಲಾ?’ ಅಂತ ಕೂಗಿದೆ. ಉತ್ತರ ಬರಲಿಲ್ಲ. ಟೀಗೆ ಹೋಗಿದ್ದೀಯ ಅಂದುಕೊಂಡೆ. ಮತ್ತೆ ಕೂಗಿದೆ. ನೀನು ಹಾಕೇ ಅನ್ನಲಿಲ್ಲ ಅಂತ ನಾನು ಹಾಕದೆ ನಿಂತೇ ಇದ್ದೆ ಕಣೇ, ದಡ್ಡಿ ಹಾಗೆ. ಹೆಂಗಸರೆಲ್ಲ ಗ್ಲೌಸ್ ಹಾಕಿಕೊಂಡು ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ಕೊನೆಗೆ ಓಬಳಮ್ಮ ಹೋಗಿ ಕಿಂಡಿಯಲ್ಲಿ ಬಗ್ಗಿದಳು. ತಲೆ ಈಚೆ ತೆಗೆದು, ‘ಅಕ್ಕಾ, ಹಾಕ್ಬುಡಿ. ಆ ಕಡೆ ಬಯಲು’ ಅಂದಳು.

ನಾನೂ ಹೋಗಿ ನೋಡಿದೆ. ಪ್ರೆಸ್ ಇದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ಗುಂಡಿ, ನೆಲದಲ್ಲಿ ಎಣ್ಣೆ ಕಲೆ, ಗೋಡೆಗೆ ಆಯುಧಪೂಜೆಯ ಒಣಗಿದ ಹಾರ. ಹಾರದ ನನ್ನ ಕಡೆ ತುದಿ ಇನ್ನೂ ರೆಕ್ಟಿಫೈಯರಿಗೆ ಕಟ್ಟಿತ್ತು. ನಾವಿಬ್ಬರೂ ಕೆಲಸ ಮಾಡುವಾಗ ‘ಕೈ ಕೊಡೇ’ ಅಂದರೆ ಕಿಂಡಿಯಲ್ಲಿ ಕೈ ಬರುತ್ತಿತ್ತು. ಅವತ್ತು ನೀನು ಕೈ ಕೊಟ್ಟದ್ದೇ ಬೇರೆ ಥರ.

ಅದಾದ ಮೇಲೂ ನಾನು ನಿನ್ನನ್ನೇ ವಹಿಸಿಕೊಂಡೆ ಅಂದರೆ ನಂಬುತ್ತೀಯಾ? ಕಂಪನಿಯವರು ಬಲವಂತ ಮಾಡಿರಬೇಕು, ಪಾಪ, ಹೇಳಲು ಮುಖ ಇಲ್ಲದೆ ಹೋಗಿರಬೇಕು ಅಂತ ನಮ್ಮನೆಯವರ ಹತ್ತಿರ ವಾದ ಮಾಡಿದೆ. ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಹೊಸ ತೊಟ್ಟಿಯಲ್ಲಿ ಮಳೆನೀರು ತುಂಬಿ ಸೊಳ್ಳೆ ಆಯಿತು. ಇಬ್ಬರು ಹೆಂಗಸರಿಗೆ ‘ಸ್ವಲ್ಪ ದಿನ ಬರಬೇಡಿ’ ಅಂತ ಹೇಳಬೇಕಾಯಿತು. ಅವರಲ್ಲಿ ಒಬ್ಬಳು, ನಿಟ್ಟೂರಿನಿಂದ ರೈಲಿನಲ್ಲಿ ಬರುತ್ತಿದ್ದವಳು, ‘ಮಾನಸಕ್ಕ ಕರ್ದ್ರೆ ನಾವೆಲ್ಲಾ ಅಲ್ಲಿಗೇ ಹೋಗಣ ಅಕ್ಕಾ’ ಅಂದಳು. ನೀನು ಕರೆಯುತ್ತೀಯ ಅಂತ ಅವಳೂ ನಂಬಿದ್ದಳು, ನಾನೂ ನಂಬಿದ್ದೆ.

ಶ್ರಾವಣದಲ್ಲಿ ಒಂದು ಮಂಗಳವಾರ ನಾನು ಕುಣಿಗಲ್ಲಿಗೆ ಬಂದಿದ್ದೆ. ಇದನ್ನು ನಮ್ಮನೆಯವರಿಗೂ ಹೇಳಿಲ್ಲ. ಮನೆಯಲ್ಲಿ ಗುಬ್ಬಿಗೆ ಹೋಗುತ್ತೇನೆ ಅಂತ ಹೇಳಿ ಕುಣಿಗಲ್ ಬಸ್ ಹತ್ತಿದೆ. ಜಗಳಕ್ಕೆ ಬಂದಿದ್ದೆ ಅಂದುಕೊಳ್ಳಬೇಡ. ನಿಜ ಹೇಳಬೇಕೆಂದರೆ ನೀನು ಬಾ ಅಂದರೆ ಬಂದೇಬಿಡುವುದು ಅಂತ ಬಂದಿದ್ದೆ. ದಾರಿಯಲ್ಲೆಲ್ಲ ನಿನ್ನ ಶೆಡ್ಡಿನಲ್ಲಿ ನನ್ನ ತೊಟ್ಟಿಗಳನ್ನು ಎಲ್ಲಿಡಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಹೈವೇಯ ಈ ಕಡೆ ಟೀ ಅಂಗಡಿಯಲ್ಲಿ ನಿಂತು ನೋಡಿದೆ. ಶೆಡ್ಡು ಚೆನ್ನಾಗಿದೆ ಕಣೇ. ಒಳಗೆ ಒಳ್ಳೆ ಬೆಳಕು, ಗಾಡಿ ತಿರುಗಿಸಲು ಜಾಗ. ನೀನು ಒಳಗಿದ್ದೆ, ಫೋನಿನಲ್ಲಿ ಯಾರಿಗೋ ಕೂಗುತ್ತಿದ್ದೆ. ಅಷ್ಟು ದೊಡ್ಡ ಬಾಗಿಲು ತೆರೆದಿದ್ದರೂ ನೀನು ಗೋಡೆಯ ಕಡೆ ತಿರುಗಿ, ಸ್ವಲ್ಪ ಬಗ್ಗಿ ಕೂಗುತ್ತಿದ್ದೆ. ಅಲ್ಲಿ ಕಿಂಡಿ ಇಲ್ಲ ಅಂತ ನಿನ್ನ ಕತ್ತಿಗೆ ಇನ್ನೂ ಗೊತ್ತಾಗಿಲ್ಲವಲ್ಲ ಅನ್ನಿಸಿತು. ಟೀ ಅರ್ಧಕ್ಕೇ ಬಿಟ್ಟು ರಸ್ತೆಗೆ ಇಳಿದೆ.

ನಡುವಿನ ಡಿವೈಡರ್ ತನಕ ಬಂದಿದ್ದೆ ಮಾನೀ. ಅಲ್ಲಿಂದ ನಿನ್ನ ಬೋರ್ಡು ಓದಲು ಬಂತು. ‘ಮಾನಸಾ ಪ್ರೆಸ್ಸಿಂಗ್ ಅಂಡ್ ಪ್ಲೇಟಿಂಗ್.’

ಪ್ಲೇಟಿಂಗಿನ ಒಂದು ತೊಟ್ಟಿ ಇಲ್ಲದ ಶೆಡ್ಡಿಗೆ ಆ ಬೋರ್ಡು. ಆಗ ಅರ್ಥವಾಯಿತು ನಿನ್ನ ‘ನಮ್ದೇ’. ಡಿವೈಡರ್ ಮೇಲೆ ನಿಂತು ಎರಡೂ ಕಡೆ ಲಾರಿಗಳು ಹೋಗುವುದನ್ನು ನೋಡುತ್ತ ಸುಮಾರು ಹೊತ್ತು ನಿಂತಿದ್ದೆ. ಆಮೇಲೆ ವಾಪಸ್ ದಾಟಿದೆ. ಟೀ ಅಂಗಡಿಯವನು ‘ಯಾಕಮ್ಮಾ, ಏನಾದ್ರೂ ಮರ್ತ್ರಾ?’ ಅಂತ ಕೇಳಿದ. ಹೂಂ ಅಂದೆ.

ಬಂದು ಓಬಳಮ್ಮನಿಗೆ ಮಾತ್ರ ಬೋರ್ಡಿನ ವಿಷಯ ಹೇಳಿದೆ. ‘ಹಿತ್ತಲ ಗಿಡ ಮದ್ದಲ್ಲ ಅಂತ ಆವಮ್ಮ ಹೋದ್ರು ಬುಡಿ, ಈಗ ಹೊಟ್ಟೆ ನೋವು ಬಂದದೆ’ ಅಂದಳು. ನನಗೆ ಸಿಟ್ಟಿನಲ್ಲೂ ನಗು ಬಂತು.

ಈಗ ನಿನಗೆ ಹೊಟ್ಟೆನೋವು ಬಂದಿದೆ, ಮದ್ದು ಬೇಕಾಗಿದೆ. ಕರೆಯುವುದಕ್ಕೆ ನೀನು ಬರಲಿಲ್ಲ, ನಿಮ್ಮಮ್ಮನನ್ನು ಮುಂದೆ ಬಿಟ್ಟು ಹಿಂದೆ ನಿಂತೆ. ಫೆಬ್ರವರಿಗೆ ಮೊದಲು ಒಂದೇ ಒಂದು ಮಾತು ಕೇಳಿದ್ದರೆ, ‘ಶಾಂತೂ, ಕುಣಿಗಲ್ಲಿಗೆ ಹೋಗಣ, ಬರ್ತೀಯಾ’ ಅಂದಿದ್ದರೆ, ನಮ್ಮನೆಯವರ ಹತ್ತಿರ ಜಗಳ ಮಾಡಿಯಾದರೂ ತೊಟ್ಟಿ, ಪೈಪು ಎಲ್ಲ ಕಟ್ಟಿಕೊಂಡು ಬರುತ್ತಿದ್ದೆ. ಅಲ್ಲೂ ಒಂದು ಗೋಡೆ ಕಟ್ಟಿಸಿ, ನಾಲ್ಕು ಇಟ್ಟಿಗೆ ಕೀಳುತ್ತಿದ್ದೆವು. ಆಗ ನಿನಗೆ ನಾನು ಬೇಡವಾಗಿದ್ದೆ, ನನ್ನ ಕೆಲಸ ಮಾತ್ರ ನಿನ್ನ ಹೆಸರಿನಲ್ಲಿ ಬೇಕಾಗಿತ್ತು. ಈಗಲೂ ಕರೆಯುತ್ತಿರುವುದು ನನ್ನನ್ನೋ ನನ್ನ ತೊಟ್ಟಿಗಳನ್ನೋ ಅಂತ ನನಗೆ ಗೊತ್ತಾಗುತ್ತಿಲ್ಲ. ನಿನಗೆ ಗೊತ್ತಿದ್ದರೆ ಒಳ್ಳೆಯದು.

ನಾನು ಈಗ ‘ನಮ್ದು’ ಅನ್ನುವುದನ್ನೇ ಬಿಟ್ಟುಬಿಟ್ಟಿದ್ದೇನೆ. ‘ನನ್ನ ಶೆಡ್ಡು’, ‘ನನ್ನ ತೊಟ್ಟಿ’. ಮೊನ್ನೆ ಬಾಯಿತಪ್ಪಿ ‘ನನ್ನ ಮನೆ’ ಅಂದದ್ದಕ್ಕೆ ನಮ್ಮತ್ತೆ ‘ಯಾವಾಗಿಂದ ನಿಂದೊಬ್ಳದೇ ಆಯ್ತು’ ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದರು. ಅಷ್ಟರ ಮಟ್ಟಿಗೆ ನನ್ನ ಮಾತನ್ನೂ ಕೆಡಿಸಿದೆ ನೀನು.

ಕೊಬ್ಬರಿ ವಾಪಸ್ ಕಳಿಸುತ್ತಿಲ್ಲ. ಅದು ನಿಮ್ಮಮ್ಮ ತಂದದ್ದು, ನೀನು ಕೊಟ್ಟದ್ದಲ್ಲ. ಸರಿಯಾಗಿ ಊಟ ಮಾಡು. ಇದನ್ನು ನಿಮ್ಮಮ್ಮನಿಗೋಸ್ಕರ ಹೇಳುತ್ತಿದ್ದೇನೆ.

ಇಂತು,
ಶಾಂತಲಾ
(ಶಾಂತೂ ಅಂತ ಕರೆಯುವುದನ್ನು ಇನ್ನು ಬಿಡು)

ತಾ.ಕ.: ಇದನ್ನು ಬರೆಯದೆ ಕವರ್ ಅಂಟಿಸಿಬಿಡೋಣ ಅಂದುಕೊಂಡಿದ್ದೆ, ಆಗಲಿಲ್ಲ. ನಿನ್ನ ಹಳೇ ಶೆಡ್ಡು ಈಗ ಖಾಲಿ ಇಲ್ಲ. ದಸರಾ ಆದ ಮೇಲೆ ಕನಕರಾಜು ಅನ್ನುವವರು ಬಂದಿದ್ದಾರೆ, ಅವರದ್ದೂ ಪ್ರೆಸ್ಸೇ. ಮೊದಲ ದಿನವೇ ‘ಈ ತೂತು ಮುಚ್ಚುಸ್ಲಾ ಮೇಡಂ’ ಅಂತ ಕೇಳಿದರು. ಮುಚ್ಚಿಸಿ ಅನ್ನಬೇಕು ಅಂತ ಬಾಯಿ ತೆಗೆದೆ, ‘ಗಾಳಿಗೆ ಇರ್ಲಿ ಬಿಡಿ’ ಅಂದೆ.

ನಿನ್ನೆ ವಾದಿರಾಜ್ ಸಾರ್ ಬಂದಿದ್ದರು, ನಿನ್ನ ರಿಜೆಕ್ಟ್ ಪೀಸುಗಳನ್ನು ಹಿಡಿದುಕೊಂಡು. ಲೇಪ ಯಾಕೆ ಎದ್ದು ಬರುತ್ತಿದೆ ಅಂತ ಕೇಳಿದರು. ಇದು ಮಾನಸಾಳ ಕೈಯ ತಪ್ಪಲ್ಲ ಸಾರ್, ದೂರದ ತಪ್ಪು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕಿಂಡಿಯನ್ನು ನೋಡಿದರು, ಪಕ್ಕದಲ್ಲಿದ್ದ ನನ್ನ ಗ್ಲೌಸ್ ನೋಡಿದರು. ‘ಅವತ್ತು ಈ ಕಡೆಯಿಂದ ಬಂದಿದ್ದ ಕೈ ನಿಮ್ದಾಮ್ಮಾ?’ ಅಂದರು. ಆ ಕಡೆ ಬಗ್ಗಿ ನೋಡಿ, ಇದೆಲ್ಲ ಯಾರದು ಅಂತಲೂ ಕೇಳಿದರು. ‘ಈ ಕಡೆದು ನಂದು ಸಾರ್, ಆ ಕಡೆದು ಕನಕರಾಜು ಅವರದು’ ಅಂದೆ. ಗೋಡೆಯಾಚೆ ಕನಕರಾಜು ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು.

ಡೈಗಳು ಕಂಪನಿಯವು, ನಿನಗೂ ಗೊತ್ತು. ಸೋಮವಾರ ಬೆಳಿಗ್ಗೆ ಅವನ್ನು ಇಲ್ಲಿಗೆ ತರಲು ಕುಣಿಗಲ್ಲಿಗೆ ಗಾಡಿ ಬರುತ್ತದೆ. ನಿನಗೆ ಅವರು ಇನ್ನೂ ಹೇಳಿಲ್ಲ, ಗಾಡಿ ಬಂದ ಮೇಲೆ ಹೇಳುತ್ತಾರಂತೆ. ನಾನು ಬೇಡ ಅನ್ನಲಿಲ್ಲ. ಸೇಡು ಅಂದುಕೊಂಡರೂ ಅಂದುಕೋ, ಸ್ವಲ್ಪ ಇದ್ದರೂ ಇರಬಹುದು. ನಿಟ್ಟೂರಿನವಳಿಗೆ ನಾಳೆಯಿಂದ ಬಾ ಅಂತ ಹೇಳಿ ಕಳಿಸಿದ್ದೇನೆ.

ಸೋಮವಾರ ಎಲ್ಲಿಗೂ ಹೋಗಬೇಡ. ಶೆಡ್ಡಿನಲ್ಲೇ ಇರು. ಹೋಗ್ಬಾರೇ ಅಂತ ಯಾರು ಎಷ್ಟು ಪ್ರೀತಿಯಿಂದ ಕಳಿಸಿದರೂ ಹೋಗಬೇಡ. ಎಲ್ಲ ಸಾಗಿಸಿದ ಮೇಲೆ ಬಂದು, ಖಾಲಿ ಶೆಡ್ಡಿಗೆ ಕೂಗಿ ತಿಳಿದುಕೊಳ್ಳುವುದು ನಿನಗೆ ಬೇಡ. ನನಗೂ ನೀನು ಇಷ್ಟು ಹೇಳಿದ್ದರೆ ಸಾಕಾಗಿತ್ತು ಕಣೇ.